ಟೆರೇಸ್ ರೂಮಿನಲ್ಲಿಟ್ಟಿದ್ದ ಸಾಮಾನನ್ನು ಓನರ್ ಮಗ ಗುಜರಿಗೆ ಹಾಕಿದ್ದಾರೆ. ಕೇಳುವ ಹಕ್ಕು ನಮಗಿದೆಯಾ?

ಶ್ರೀನಗರ_ಎರಡನೇಮಹಡಿ

ಬೆಂಗಳೂರಿನ ಶ್ರೀನಗರದಲ್ಲಿ ಒಂಬತ್ತು ವರ್ಷದಿಂದ ಒಂದೇ ಬಾಡಿಗೆ ಮನೆಯಲ್ಲಿದ್ದೇವೆ. ಕೆಳಗೆ ಓನರ್, ಮಧ್ಯೆ ಇನ್ನೊಂದು ಸಂಸಾರ, ಮೇಲೆ ನಾವು. ಬಾಡಿಗೆ 17,000, ಅಡ್ವಾನ್ಸ್ ಒಂದೂವರೆ ಲಕ್ಷ. ನಮ್ಮ ಮನೆಯ ಅಟ್ಟದಲ್ಲಿ ಎರಡು ಸೂಟ್‌ಕೇಸ್ ಇಟ್ಟರೆ ಮುಗೀತು. ಅದಕ್ಕೇ ನಾವು ಬಂದ ವರ್ಷವೇ ಓನರ್ ಅಂಕಲ್ ಟೆರೇಸ್ ಮೇಲಿನ ಶೀಟ್ ರೂಮಿನ ಒಂದು ಮೂಲೆ ತೋರಿಸಿ, "ದಿನಾ ಬೇಡದ್ದೆಲ್ಲ ಇಲ್ಲಿಟ್ಕೊಳ್ಳಮ್ಮ" ಅಂದಿದ್ದರು. ಕರಾರಿನಲ್ಲಿ ಇದು ಇಲ್ಲ. ಇಂಥದ್ದನ್ನೆಲ್ಲ ಯಾರು ಬರೆಸ್ತಾರೆ?

ಅಲ್ಲಿದ್ದದ್ದು ಇಷ್ಟು. ನಮ್ಮತ್ತೆಯವರ ಕಬ್ಬಿಣದ ಟ್ರಂಕು. ಅದರೊಳಗೆ ದಸರಾ ಗೊಂಬೆಗಳು, ಒಂದೊಂದನ್ನೂ ಹಳೇ ಕಾಟನ್ ಸೀರೆ ತುಂಡಿನಲ್ಲಿ ಸುತ್ತಿಟ್ಟಿದ್ದು. ಗೊಂಬೆ ಜೋಡಿಸುವ ಹಲಗೆಗಳು, ಎರಡು ಹಿತ್ತಾಳೆ ಕೊಳಗ, ನಮ್ಮ ಯಜಮಾನರ ಡಿಪ್ಲೊಮಾ ಪುಸ್ತಕಗಳು, ಮಗಳ ತೊಟ್ಟಿಲು.

ಮಹಾಲಯ ಅಮಾವಾಸ್ಯೆಗೆ ಇನ್ನು ಎರಡು ವಾರ ಇದೆ, ಗೊಂಬೆಗಳನ್ನು ಇಳಿಸಿ ಒರೆಸಿಡೋಣ ಅಂತ ಭಾನುವಾರ ಮೇಲೆ ಹೋದೆ. ರೂಮು ಖಾಲಿ. ನೆಲದಲ್ಲಿ ಸಿಮೆಂಟ್ ಚೀಲ, ಟೈಲ್ಸ್ ಡಬ್ಬಗಳು. ಓನರ್ ಅಂಕಲ್‌ಗೆ ಹುಷಾರಿಲ್ಲ, ಈಗ ಎಲ್ಲ ಮಗನೇ ನೋಡಿಕೊಳ್ಳುತ್ತಾರೆ. ಅದನ್ನು ಬ್ಯಾಚುಲರ್ ರೂಮ್ ಮಾಡಿ ಬಾಡಿಗೆಗೆ ಬಿಡುತ್ತಾರಂತೆ. ನಮ್ಮ ಸಾಮಾನು ಎಲ್ಲಿ ಅಂತ ಕೇಳಿದರೆ, "ಹಳೇದು ಅಲ್ವಾ, ಗುರುವಾರ ಗುಜರಿಯವನು ತಗೊಂಡು ಹೋದ. ನಿಮ್ಮದು ಅಂತ ಗೊತ್ತಿರ್ಲಿಲ್ಲ" ಅಂದರು. ಒಂದು ಫೋನ್ ಇಲ್ಲ, ಬಾಗಿಲು ತಟ್ಟಿ ಒಂದು ಮಾತು ಕೇಳಿಲ್ಲ. ನಾವು ಮನೆಯಲ್ಲೇ ಇದ್ದೆವು.

ಮನೆ ಬಿಡುವ ಯೋಚನೆ ಇಲ್ಲ, ಮಗಳ ಸ್ಕೂಲು ಇಲ್ಲೇ ಇದೆ. ಜಗಳವೂ ಬೇಡ. ಆದರೆ ಸುಮ್ನೆ ಇರೋಕೂ ಆಗ್ತಿಲ್ಲ. ಕಾನೂನಿನಲ್ಲಿ ಏನಾದರೂ ಇದೆಯಾ?

ಫಿಲ್ಟರ್_ಲೋಟ

ಕಾನೂನು ಆಮೇಲೆ. ಯಾವ ಗುಜರಿ ಅಂಗಡಿ ಅಂತ ಇವತ್ತೇ ಕೇಳಿ, ಇವತ್ತೇ ಹೋಗಿ.

ನಮ್ಮ ಮಾವನದು ಇಪ್ಪತ್ತು ವರ್ಷ ಗುಜರಿ ವ್ಯಾಪಾರ, ಅದಕ್ಕೇ ಹೇಳ್ತಿದ್ದೇನೆ. ಬಂದ ಮಾಲನ್ನು ಒಂದೆರಡು ದಿನದಲ್ಲಿ ವಿಂಗಡಿಸ್ತಾರೆ. ಪೇಪರ್ ಒಂದು ಕಡೆ, ಕಬ್ಬಿಣ ಒಂದು ಕಡೆ, ಪ್ಲಾಸ್ಟಿಕ್ ಇನ್ನೊಂದು ಕಡೆ. ಹಿತ್ತಾಳೆ, ತಾಮ್ರ ಮಾತ್ರ ಒಳಗೆ ಬೀಗದಲ್ಲಿ. ಲೋಡ್ ತುಂಬಿದ ತಕ್ಷಣ ಗಾಡಿ ಹೊರಡುತ್ತದೆ, ಕಬ್ಬಿಣ ಜಾಲಿ ಮೊಹಲ್ಲಾ ಕಡೆ, ಪ್ಲಾಸ್ಟಿಕ್ ನಾಯಂಡಹಳ್ಳಿ ಕಡೆ. ಅಲ್ಲಿಗೆ ಹೋದ ಮೇಲೆ ಬ್ರಹ್ಮ ಬಂದರೂ ಹುಡುಕೋಕೆ ಆಗಲ್ಲ. ನಿಮಗೆ ಒಂದು ಅನುಕೂಲ ಇದೆ. ಗೊಂಬೆ ತೂಕಕ್ಕೆ ಬರೋ ಮಾಲಲ್ಲ, ಅದಕ್ಕೆ ಗಿರಾಕಿಯೇ ಬೇರೆ. ಅಂಗಡಿಯವನು ಪಕ್ಕಕ್ಕೆ ಎತ್ತಿಟ್ಟಿರುವ ಸಾಧ್ಯತೆ ಜಾಸ್ತಿ.

ಜಗಳ ಮಾಡಬೇಡಿ. "ನೀವು ಕೊಟ್ಟಿರೋ ದುಡ್ಡು ಕೊಡ್ತೀನಿ, ಸಾಮಾನು ವಾಪಸ್ ಕೊಡಿ" ಅಂತ ಕೇಳಿ. ಟ್ರಂಕಿನ ಹಳೇ ಫೋಟೊ ಇದ್ದರೆ ತೋರಿಸಿ.

ಬನಶಂಕರಿ_ಬೋರ್‌ವೆಲ್

ಕರಾರಿನಲ್ಲಿ ಇಲ್ಲ ಅಂದಮೇಲೆ ಏನೂ ಮಾಡೋಕೆ ಆಗಲ್ಲ ಮೇಡಂ. ಅವರ ಜಾಗ, ಅವರಿಷ್ಟ. ಬಾಯಿಮಾತಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಮುಂದಿನ ತಿಂಗಳ ಬಾಡಿಗೆ ಹಿಡ್ಕೊಳ್ಳಿ, ತಾನಾಗಿ ದಾರಿಗೆ ಬರ್ತಾರೆ.

ಕೋರ್ಟ್‌ಹಾಲ್_ಹನ್ನೊಂದು

ಬನಶಂಕರಿಯವರ ಎರಡು ಮಾತೂ ತಪ್ಪು. ನಾನು ವಕೀಲೆ, ಹದಿಮೂರು ವರ್ಷದಿಂದ ಬಾಡಿಗೆ ಕೇಸುಗಳನ್ನೇ ಜಾಸ್ತಿ ನಡೆಸಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಬೆಂಗಳೂರಿನಲ್ಲಿ ಬಾಡಿಗೆ ಅಂದ ತಕ್ಷಣ ಎಲ್ಲರೂ "ರೆಂಟ್ ಆಕ್ಟ್" ಅಂತಾರೆ. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು, ಜಾರಿಗೆ ಬಂದದ್ದು 2001ರ ಕೊನೆಯಲ್ಲಿ. ಬೆಂಗಳೂರಿನಂಥ ನಗರದಲ್ಲಿ ತಿಂಗಳ ಬಾಡಿಗೆ 3,500 ದಾಟಿದರೆ ಅದು ಅನ್ವಯಿಸುವುದೇ ಇಲ್ಲ. ಇವತ್ತು 3,500ಕ್ಕೆ ಶ್ರೀನಗರದಲ್ಲಿ ಸ್ಕೂಟರ್ ನಿಲ್ಲಿಸೋ ಜಾಗ ಸಿಕ್ಕರೆ ಪುಣ್ಯ. ಹಾಗಾಗಿ ನಮ್ಮಲ್ಲಿ ಬಹುತೇಕರ ಬಾಡಿಗೆ ನಡೆಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನಮ್ಮದೇ ಕರಾರು ಪತ್ರದ ಮೇಲೆ. ಆ ಕಾಯ್ದೆಯಲ್ಲಿ "ಬಾಡಿಗೆದಾರ ಪಕ್ಕದ ರೂಮಿನಲ್ಲಿಟ್ಟ ಸಾಮಾನು" ಅಂತ ಒಂದು ಸೆಕ್ಷನ್ ಹುಡುಕಿದರೆ ಸಿಗಲ್ಲ. ಅದಕ್ಕೇ ಜನ ಕಾನೂನೇ ಇಲ್ಲ ಅಂದುಕೊಳ್ಳುತ್ತಾರೆ. ಕಾನೂನು ಇದೆ, ಬೇರೆ ಕಡೆ ಇದೆ.

ಟೆರೇಸ್ ರೂಮು ಕರಾರಿನಲ್ಲಿ ಇದ್ದಿದ್ದರೆ ಅದು ನಿಮ್ಮ ಮನೆಯ ಭಾಗ, ನಿಮ್ಮನ್ನು ಕೇಳದೆ ಬಾಗಿಲು ತೆಗೆದದ್ದೇ ತಪ್ಪಾಗುತ್ತಿತ್ತು. ಇಲ್ಲಿ ಹಾಗಿಲ್ಲ. ಇಟ್ಕೊಳ್ಳಿ ಅಂತ ಅನುಮತಿ ಕೊಟ್ಟರು, ಇಟ್ಟಿರಿ. ಕಾನೂನಿನ ಭಾಷೆಯಲ್ಲಿ ಇದು ಲೈಸೆನ್ಸ್. ಅದನ್ನು ವಾಪಸ್ ಪಡೆಯುವ ಹಕ್ಕು ಓನರ್‌ಗೆ ಖಂಡಿತ ಇದೆ. ಆದರೆ 1882ರ ಈಸ್‌ಮೆಂಟ್ಸ್ ಕಾಯ್ದೆಯ 63ನೇ ಸೆಕ್ಷನ್ ನೋಡಿ. ಅನುಮತಿ ವಾಪಸ್ ಪಡೆದರೂ, ಅನುಮತಿ ಮೇಲೆ ಇಟ್ಟ ಸಾಮಾನನ್ನು ತೆಗೆದುಕೊಂಡು ಹೋಗಲು ಸರಿಯಾದಷ್ಟು ಸಮಯ ಕೊಡಬೇಕು. ಎಷ್ಟು ದಿನ ಅಂತ ಅಲ್ಲಿ ಬರೆದಿಲ್ಲ. ಒಂದು ಟ್ರಂಕಿಗೆ ಒಂದು ವಾರ ಸಾಕಾಗಬಹುದು. ನಿಮಗೆ ಸಿಕ್ಕಿದ್ದು ಸೊನ್ನೆ.

ಬಾಯಿಮಾತಿನ ಅನುಮತಿಯೂ ಅನುಮತಿಯೇ. ಅದನ್ನು ಸಾಬೀತು ಮಾಡೋದು ಕಷ್ಟ, ಅದು ಬೇರೆ ವಿಷಯ.

ಎರಡು ಪ್ರಶ್ನೆ ಕೇಳ್ತೀನಿ. ಆ ರೂಮಿನ ಬೀಗದ ಕೈ ಯಾರ ಹತ್ತಿರ ಇರುತ್ತಿತ್ತು? ಟ್ರಂಕು ನಿಮ್ಮದು ಅಂತ ಮಗನಿಗೆ ಗೊತ್ತಿತ್ತು ಅನ್ನುವುದಕ್ಕೆ ಏನಾದರೂ ಗುರುತು ಇದೆಯಾ?

ಬಾಡಿಗೆ ಮಾತ್ರ ಹಿಡಿಯಬೇಡಿ. ಈಗ ತಪ್ಪು ಅವರದು. ಬಾಡಿಗೆ ನಿಲ್ಲಿಸಿದ ದಿನ ಬಾಕಿದಾರರು ನೀವಾಗ್ತೀರಿ, ಮನೆ ಖಾಲಿ ಮಾಡಿಸೋಕೆ ನೀವೇ ಕಾರಣ ಕೊಟ್ಟ ಹಾಗೆ.

ಶ್ರೀನಗರ_ಎರಡನೇಮಹಡಿ

ಬೀಗದ ಕೈ ಓನರ್ ಮನೆ ಹಾಲ್‌ನಲ್ಲಿ ಕ್ಯಾಲೆಂಡರ್ ಪಕ್ಕದ ಮೊಳೆಗೆ ನೇತುಹಾಕಿರುತ್ತದೆ. ಬೇಕಾದಾಗ ಆಂಟಿ ಹತ್ತಿರ ಕೇಳಿ ತಗೊಂಡು, ವಾಪಸ್ ಕೊಡ್ತಿದ್ದೆ.

ಗುರುತು ಅಂದರೆ... ಈಗ ಹಳೇ ವಾಟ್ಸಾಪ್ ನೋಡಿದೆ. ಹೋದ ವರ್ಷ ದಸರಾಕ್ಕೆ ನಮ್ಮ ಯಜಮಾನರು ಅವರಿಗೆ "ಗೊಂಬೆ ಟ್ರಂಕು ಇಳಿಸ್ಬೇಕು, ಸ್ವಲ್ಪ ಕೈ ಹಾಕ್ತೀರಾ" ಅಂತ ಕಳಿಸಿದ್ದಾರೆ. ಅವರು "ಐದು ನಿಮಿಷ ಬಂದೆ" ಅಂತ ಹಾಕಿದ್ದಾರೆ. ಬಂದು ಹಿಡ್ಕೊಂಡೂ ಇದ್ದರು. ಆಮೇಲೆ ಸಂಜೆ ಗೊಂಬೆ ಬಾಗಿನಕ್ಕೂ ಬಂದು ಚರುಪು ತಿಂದು ಹೋಗಿದ್ದರು. ಇದು ನೆನಪಾದ ಮೇಲೆ ಸಿಟ್ಟು ಇನ್ನೂ ಜಾಸ್ತಿ ಆಯಿತು.

ಫಿಲ್ಟರ್_ಲೋಟ

ಚರುಪು ತಿಂದ ಮೇಲೆ "ಗೊತ್ತಿರ್ಲಿಲ್ಲ" ಅಂದರೆ ಹೇಗೆ ಸ್ವಾಮಿ.

ಕೋರ್ಟ್‌ಹಾಲ್_ಹನ್ನೊಂದು

ಆ ಚಾಟ್ ನಿಮ್ಮ ದೊಡ್ಡ ಆಸರೆ. ಅಳಿಸಬೇಡಿ, ಯಜಮಾನರು ಫೋನ್ ಬದಲಾಯಿಸೋದೂ ಈಗ ಬೇಡ. ಸ್ಕ್ರೀನ್‌ಶಾಟ್ ಪ್ರಿಂಟ್ ಒಂದನ್ನೇ ತೆಗೆದು ಕೊಟ್ಟರೆ ಕೋರ್ಟ್ ಒಪ್ಪುವುದಿಲ್ಲ. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಅದರ ಜೊತೆ ಒಂದು ಪ್ರಮಾಣಪತ್ರ ಇರಬೇಕು. ಅದು ವಕೀಲರ ಕೆಲಸ, ನಿಮ್ಮ ಕೆಲಸ ಮೂಲ ಫೋನ್ ಜೋಪಾನ ಮಾಡೋದು. ಎರಡು ಕಾಯ್ದೆಗೂ 63 ಅಂತ ಬಂದದ್ದು ಕಾಕತಾಳೀಯ, ಗೊಂದಲ ಮಾಡಿಕೊಳ್ಳಬೇಡಿ.

ಬೀಗದ ಕೈ ಅವರ ಹತ್ತಿರ ಇದ್ದದ್ದು ಇನ್ನೊಂದು ಮುಖ್ಯ ಅಂಶ. ಒಬ್ಬರ ವಸ್ತು ಇನ್ನೊಬ್ಬರ ಸುಪರ್ದಿಯಲ್ಲಿದ್ದರೆ ಅದನ್ನು 1872ರ ಕರಾರು ಕಾಯ್ದೆ ಬೇಲ್‌ಮೆಂಟ್ ಅನ್ನುತ್ತದೆ, 148ನೇ ಸೆಕ್ಷನ್. 151ನೇ ಸೆಕ್ಷನ್ ಪ್ರಕಾರ, ಮಾಮೂಲಿ ಬುದ್ಧಿಯ ಮನುಷ್ಯ ತನ್ನ ಸ್ವಂತ ಸಾಮಾನನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟಾದರೂ ಜೋಪಾನ ಮಾಡಬೇಕು. ದುಡ್ಡು ತಗೊಳ್ಳದೆ ಇಟ್ಟುಕೊಂಡಿದ್ದೆ, ನನಗೇನು ಅನ್ನುವ ಮಾತು ನಡೆಯುವುದಿಲ್ಲ. ಎಲ್ಲ ಬೇಲ್‌ಮೆಂಟಿಗೂ ಒಂದೇ ಅಳತೆ.

ನಷ್ಟ ಕೇಳುವ ದಾವೆಗೆ ಮೂರು ವರ್ಷ ಕಾಲಾವಕಾಶ ಇದೆ. ಅಷ್ಟು ದೂರ ಹೋಗಬೇಕಾಗಿಲ್ಲ ಅಂತ ನನ್ನ ಅಂದಾಜು. ಮೊದಲು ಒಂದು ಪತ್ರ ಕೊಡಿ. ಕರಾರು ಅಂಕಲ್ ಹೆಸರಿನಲ್ಲಿದೆ, ಕೆಲಸ ಮಾಡಿದ್ದು ಮಗ. ಇಬ್ಬರ ಹೆಸರಿಗೂ ಇರಲಿ. ಏನೇನು ಇತ್ತು, ಯಾವ ವರ್ಷದಿಂದ ಇತ್ತು, ಯಾರು ಇಡಲು ಹೇಳಿದರು, ಯಾವ ದಿನ ಹೋಯಿತು, ಗುಜರಿ ಅಂಗಡಿ ಯಾವುದು ತಿಳಿಸಿ, ಏಳು ದಿನದಲ್ಲಿ ವಾಪಸ್ ತರಿಸಿ ಇಲ್ಲವೇ ಬೆಲೆ ಕೊಡಿ. ಇಷ್ಟೇ. ಬೈಗುಳ ಬೇಡ, "ನಂಬಿಕೆ ದ್ರೋಹ" ಅಂತೆಲ್ಲ ಬರೆಯಬೇಡಿ. ಕೈಗೆ ಕೊಡಿ, ಮತ್ತೊಂದು ಪ್ರತಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಒಂದೇ ಬಿಲ್ಡಿಂಗಿಗೆ ಪೋಸ್ಟ್ ಮಾಡೋದು ನಗು ಬರಿಸುತ್ತದೆ, ಆದರೂ ಮಾಡಿ. ರಸೀದಿ ಬೇಕು.

ವಿಜಯನಗರ_ಮೂರಂತಸ್ತು

ನಾನು ಓನರ್. ಇಲ್ಲಿ ಎಲ್ಲರೂ ನಮ್ಮನ್ನು ಬಯ್ಯೋಕೆ ಕೂತಿದ್ದೀರಿ, ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ.

ಈ ಅಮ್ಮನ ವಿಷಯದಲ್ಲಿ ಆ ಹುಡುಗ ಮಾಡಿದ್ದು ತಪ್ಪು. ಮನೆಯಲ್ಲೇ ಇರೋ ಬಾಡಿಗೆಯವರನ್ನು ಒಂದು ಮಾತು ಕೇಳೋಕೆ ಏನು ರೋಗ? ಆದರೆ ನಮ್ಮ ಮನೆಯಲ್ಲಿ ಒಬ್ಬ ಹುಡುಗ ಐದು ತಿಂಗಳು ಬಾಡಿಗೆ ಕೊಡದೆ, ಬೀಗ ಹಾಕಿಕೊಂಡು ಊರಿಗೆ ಹೋದ. ಫೋನ್ ಸ್ವಿಚ್ ಆಫ್. ಒಳಗೆ ಫ್ರಿಜ್‌ನಲ್ಲಿ ಏನಿತ್ತೋ, ಕರೆಂಟ್ ಕಟ್ ಆದ ಮೇಲೆ ಮೂರನೇ ಮಹಡಿಯ ವಾಸನೆ ಬೀದಿಗೆ ಬರ್ತಿತ್ತು. ಇನ್ನೊಬ್ಬರು ಖಾಲಿ ಮಾಡುವಾಗ ಮುರಿದ ಸೋಫಾ, ಒಡೆದ ಅಕ್ವೇರಿಯಂ ಮೆಟ್ಟಿಲ ಕೆಳಗೆ ಬಿಟ್ಟು "ಮುಂದಿನ ವಾರ ತಗೊಂಡು ಹೋಗ್ತೀವಿ ಅಂಕಲ್" ಅಂದರು. ಎರಡು ವರ್ಷ ಆಯಿತು ಆ ಮುಂದಿನ ವಾರ ಬಂದಿಲ್ಲ. ಕಸದ ಆಟೋದವರು ಸೋಫಾ ಮುಟ್ಟಲ್ಲ. ನಾನೇ ದುಡ್ಡು ಕೊಟ್ಟು ಸಾಗಿಸಬೇಕು. ಆಮೇಲೆ ಅವರು ಬಂದು ಕೇಳಿದರೆ ನಾನು ಕಳ್ಳ ಆಗ್ತೀನಾ?

ಕೋರ್ಟ್‌ಹಾಲ್_ಹನ್ನೊಂದು

ಸರ್, ನಿಮ್ಮ ಎರಡೂ ಉದಾಹರಣೆ ಬೇರೆ ಬೇರೆ. ಬೀಗದ ಕೈ ಯಾರ ಹತ್ತಿರ ಅನ್ನುವುದರ ಮೇಲೆ ಇದು ನಿಂತಿದೆ.

ಮೊದಲ ಹುಡುಗ ಬೀಗದ ಕೈ ವಾಪಸ್ ಕೊಟ್ಟಿಲ್ಲ. ಬಾಡಿಗೆ ಕೊಡದಿದ್ದರೂ ಕಾನೂನಿನ ಕಣ್ಣಿಗೆ ಮನೆ ಇನ್ನೂ ಅವನ ಸ್ವಾಧೀನದಲ್ಲಿದೆ. ಬೀಗ ಒಡೆದು ಸಾಮಾನು ಹೊರಗೆ ಹಾಕಿದರೆ, ವಿಶಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಕೆಳಗೆ ಆರು ತಿಂಗಳೊಳಗೆ ಅವನೇ ನಿಮ್ಮ ಮೇಲೆ ದಾವೆ ಹಾಕಿ ಮನೆ ವಾಪಸ್ ಕೇಳಬಹುದು. ಅಲ್ಲಿ ಮನೆ ಯಾರದು ಅನ್ನೋ ಪ್ರಶ್ನೆಯೇ ಬರಲ್ಲ. ಸ್ವಾಧೀನ ಭದ್ರವಾಗಿ ಇದ್ದವರನ್ನು ನಿಜವಾದ ಮಾಲೀಕನೂ ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕುವಂತಿಲ್ಲ ಅಂತ 2003ರಲ್ಲಿ ರಾಮೇಗೌಡ ಮತ್ತು ವರದಪ್ಪ ನಾಯ್ಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ನಮ್ಮ ಕರ್ನಾಟಕದಿಂದ ಹೋದ ಕೇಸು. ಹಾಗಾಗಿ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ನೋಟಿಸ್ ಕೊಡಬೇಕು, ತಿಂಗಳ ಬಾಡಿಗೆಗೆ 15 ದಿನ. ಆಮೇಲೂ ಬರದಿದ್ದರೆ ದಾವೆ. ನಿಧಾನ ಅಂತ ನನಗೂ ಗೊತ್ತು.

ಸೋಫಾದವರು ಬೀಗದ ಕೈ ಕೊಟ್ಟು ಹೋಗಿದ್ದಾರೆ. ಅವರ ಬಾಡಿಗೆ ಹಕ್ಕು ಮುಗಿದಿದೆ, ಸೋಫಾದ ಒಡೆತನ ಮುಗಿದಿಲ್ಲ. ಅವರಿಗೆ ಫೋಟೊ ಸಮೇತ ಬರೆದು ತಿಳಿಸಿ. ಇಂಥ ದಿನದೊಳಗೆ ತಗೊಂಡು ಹೋಗಿ, ಇಲ್ಲದಿದ್ದರೆ ತೆಗೆಸುತ್ತೇನೆ, ಖರ್ಚು ನಿಮ್ಮದು ಅಂತ. ದಿನ ಕಳೆದ ಮೇಲೆ ಇನ್ನೊಂದು ಫೋಟೊ, ಅಕ್ಕಪಕ್ಕದ ಇಬ್ಬರ ಸಹಿ. ಎರಡು ವರ್ಷ ಸುಮ್ಮನಿದ್ದವರು ಆಮೇಲೆ ಬಂದು ಕಳ್ಳ ಅಂದರೆ ಯಾವ ಠಾಣೆಯೂ ಕೇಳುವುದಿಲ್ಲ.

ಒಂದು ವಿಷಯ ಓನರ್‌ಗಳೆಲ್ಲ ಕೇಳಿಸಿಕೊಳ್ಳಿ. ಬಾಡಿಗೆ ಬಾಕಿ ಇದೆ ಅಂತ ಟಿವಿ, ಬೈಕು ಹಿಡಿದಿಟ್ಟುಕೊಳ್ಳುವ ಹಕ್ಕು ನಿಮಗಿಲ್ಲ. ಯಾವ ಬಾಕಿಗಾದರೂ ಕೈಯಲ್ಲಿರುವ ವಸ್ತು ಹಿಡಿದಿಡುವ ಹಕ್ಕನ್ನು ಕರಾರು ಕಾಯ್ದೆಯ 171ನೇ ಸೆಕ್ಷನ್ ಬ್ಯಾಂಕಿನವರು, ಹೈಕೋರ್ಟ್ ಅಟಾರ್ನಿಗಳು, ಹೀಗೆ ಐದೇ ಬಗೆಯವರಿಗೆ ಕೊಟ್ಟಿದೆ. ಮನೆ ಓನರ್ ಆ ಪಟ್ಟಿಯಲ್ಲಿಲ್ಲ. ನಿಮ್ಮ ಕೈಯಲ್ಲಿ ಅಡ್ವಾನ್ಸ್ ಇದೆಯಲ್ಲ, ಅದು ಅದಕ್ಕೇ ಇರೋದು.

ವಿಜಯನಗರ_ಮೂರಂತಸ್ತು

ಹತ್ತು ತಿಂಗಳ ಅಡ್ವಾನ್ಸ್ ಕಾಲ ಹೋಯಿತು ಮೇಡಂ, ಈಗ ಐದು ಕೇಳಿದರೆ ಮುಖ ನೋಡ್ತಾರೆ. ಆದರೂ ಫೋಟೊ, ಸಹಿ ವಿಷಯ ಒಳ್ಳೆಯದು. ಇವತ್ತೇ ಅಕ್ವೇರಿಯಂ ಫೋಟೊ ತೆಗೆದೆ.

ಪಿಜಿ_ಬಿಟ್ಟ_ಮಲ್ನಾಡಿಗ

ನನ್ನದೂ ಹೇಳ್ತೀನಿ. 2020 ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗುವ ಎರಡು ದಿನ ಮುಂಚೆ ಒಂದು ಬ್ಯಾಗ್ ಹಿಡಿದು ತೀರ್ಥಹಳ್ಳಿಗೆ ಬಸ್ ಹತ್ತಿದೆ. ಪಿಜಿಯಲ್ಲಿ ಹಾಸಿಗೆ, ಬಟ್ಟೆ, ಮಾನಿಟರ್, ಒಂದು ಫೈಲ್ ಬಿಟ್ಟಿದ್ದೆ. ಹದಿನೈದು ದಿನದಲ್ಲಿ ಬರ್ತೀನಿ ಅಂದುಕೊಂಡಿದ್ದೆ. ನವೆಂಬರ್‌ನಲ್ಲಿ ಬಂದರೆ ಪಿಜಿ ಹೆಸರೇ ಬದಲಾಗಿತ್ತು. ನಡೆಸೋರು ಬೇರೆ. ಹಳಬರು ಎಲ್ಲ ರೂಮಿನ ಸಾಮಾನು ಚೀಲಕ್ಕೆ ತುಂಬಿಸಿ ಸೆಲ್ಲಾರ್‌ನಲ್ಲಿ ರಾಶಿ ಹಾಕಿದ್ದರಂತೆ, ಮಳೆಗೆ ಸೆಲ್ಲಾರ್‌ಗೆ ನೀರು ಬಂತಂತೆ, ಎಲ್ಲ ಎಸೆದರಂತೆ. ಫೈಲ್‌ನಲ್ಲಿ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇತ್ತು.

ಅದನ್ನು ಮತ್ತೆ ತೆಗೆಸೋಕೆ ಪೊಲೀಸ್ ಇಲಾಖೆಯ ಇ-ಲಾಸ್ಟ್‌ನಲ್ಲಿ ದೂರು, ನೋಟರಿ ಹತ್ತಿರ ಅಫಿಡವಿಟ್, ಮತ್ತೆ ನಮ್ಮ ಹೈಸ್ಕೂಲ್ ಹೆಡ್‌ಮಾಸ್ಟರ್ ಮುಂದೆ ಕೈ ಕಟ್ಟಿ ನಿಂತದ್ದು. ಇಪ್ಪತ್ತಾರು ವರ್ಷದವನಿಗೆ ಅವರು "ಜವಾಬ್ದಾರಿ ಇಲ್ಲ ನಿಂಗೆ" ಅಂತ ಬೈದರು. ಬೈಸಿಕೊಂಡೆ.

ಪಿಜಿಯವರ ಮೇಲೆ ಏನೂ ಮಾಡಲಿಲ್ಲ. ಮಾಡಬಹುದಿತ್ತಾ?

ಕೋರ್ಟ್‌ಹಾಲ್_ಹನ್ನೊಂದು

ಮಾಡಬಹುದಿತ್ತು. ಪಿಜಿಗೆ ಒಂದು ಸುಲಭದ ದಾರಿ ಇದೆ, ಅದು ಬರೀ ಮನೆ ಬಾಡಿಗೆಗೆ ಸಿಗಲ್ಲ. ಊಟ, ವಸತಿ ಕೊಡುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ "ಸೇವೆ". ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ವಕೀಲರು ಬೇಕೇಬೇಕು ಅಂತಿಲ್ಲ, ನೀವು ವಾಸ ಮಾಡುವ ಊರಿನಲ್ಲೇ ಹಾಕಬಹುದು. ಆದರೆ ಎರಡು ವರ್ಷದೊಳಗೆ. ನಿಮ್ಮದು ದಾಟಿದೆ. ಹೋಗುವ ಮುಂಚೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೂ ಎಷ್ಟೋ ಸಲ ಎದುರಿನವರು ಮೆತ್ತಗಾಗುತ್ತಾರೆ.

ಶ್ರೀನಗರ_ಎರಡನೇಮಹಡಿ

ಅಪ್‌ಡೇಟ್. ನಿನ್ನೆ ಬೆಳಗ್ಗೆ ಗುಜರಿ ಅಂಗಡಿಗೆ ಹೋದೆವು. ಮಗನೇ ಅಡ್ರೆಸ್ ಕೊಟ್ಟರು, ಆ ಮಟ್ಟಿಗೆ ಪರವಾಗಿಲ್ಲ. ಹೊಸಕೆರೆಹಳ್ಳಿ ಹತ್ತಿರ ಒಂದು ಚಿಕ್ಕ ಶೆಡ್.

ಟ್ರಂಕು ಹೋಗಿದೆ. ಚಪ್ಪಟೆ ಮಾಡಿ ಲೋಡಿಗೆ ಹಾಕಿದ್ದಾರೆ. ಪುಸ್ತಕ ಹೋಗಿದೆ. ತೊಟ್ಟಿಲಿನ ಒಂದು ಕಡೆಯ ಕಂಬಿಗಳು ಮೂಲೆಯಲ್ಲಿದ್ದವು, ನೋಡಿ ತೆಗೆದುಕೊಳ್ಳಲಿಲ್ಲ. ಕೊಳಗದ ವಿಷಯ ಕೇಳಿದಾಗ ಅಂಗಡಿಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗಿಂದ ಒಂದು ತಂದರು. ಇನ್ನೊಂದು ಇಲ್ಲ ಅಂದರು.

ಗೊಂಬೆ ನೀವು ಹೇಳಿದ ಹಾಗೇ ಆಗಿತ್ತು. ಒಂದು ಪ್ಲಾಸ್ಟಿಕ್ ಕ್ರೇಟ್‌ನಲ್ಲಿ ಹಾಕಿ, ಪಕ್ಕದಲ್ಲಿ ಒಂದೆರಡನ್ನು ಮೇಜಿನ ಮೇಲೆ ನಿಲ್ಲಿಸಿದ್ದರು. ಶೆಟ್ಟರ ಅಂಗಡಿ ಜೋಡಿ ಅವರ ಲೆಕ್ಕದ ಪುಸ್ತಕದ ಮೇಲೆ ಕೂತಿತ್ತು. ಶೆಟ್ಟಿ ಮುಂದೆ ನಾವು ಇಡುವ ಪುಟಾಣಿ ಅಕ್ಕಿ ಮೂಟೆಗಳೂ ಇದ್ದವು. ಅಳು ಬಂದುಬಿಟ್ಟಿತು. ಮಣ್ಣಿನವು ತುಂಬಾ ಒಡೆದಿವೆ. ಎಣಿಸಿದರೆ ಐವತ್ತಕ್ಕೂ ಮೇಲೆ ಇದ್ದದ್ದರಲ್ಲಿ ಹತ್ತೊಂಬತ್ತು ಸರಿಯಾಗಿವೆ.

ಪಟ್ಟದ ಗೊಂಬೆಯಲ್ಲಿ ರಾಣಿ ಇದ್ದಾಳೆ. ರಾಜ ಇಲ್ಲ.

ಅಂಗಡಿಯವರು ಓನರ್ ಮಗನಿಗೆ ಒಟ್ಟು 2,300 ಕೊಟ್ಟಿದ್ದರಂತೆ. ನಮ್ಮಿಂದ ಗೊಂಬೆಗೆ ಏನೂ ತಗೊಳ್ಳಲಿಲ್ಲ. ಕೊಳಗಕ್ಕೆ ಮಾತ್ರ ಅವರು ಕೊಟ್ಟಷ್ಟೇ ತಗೊಂಡರು.

ಬನಶಂಕರಿ_ಬೋರ್‌ವೆಲ್

ಗುಜರಿಯವರ ಮೇಲೂ ಕೇಸ್ ಹಾಕಬಹುದಲ್ವಾ? ಕದ್ದ ಮಾಲು ಅಲ್ವಾ ಅದು?

ಕೋರ್ಟ್‌ಹಾಲ್_ಹನ್ನೊಂದು

ತನ್ನದಲ್ಲದ್ದನ್ನು ಮಾರಿದರೆ ಕೊಂಡವರಿಗೂ ಒಡೆತನ ಬರುವುದಿಲ್ಲ, ಅದು ಸರಕು ಮಾರಾಟ ಕಾಯ್ದೆಯ 27ನೇ ಸೆಕ್ಷನ್. ಹಾಗಾಗಿ ದುಡ್ಡು ಕೊಡದೆಯೂ ಕೊಳಗ ಕೇಳಬಹುದಿತ್ತು. ಆದರೆ ಇವರು ಮಾಡಿದ್ದೇ ಸರಿ. ಆ ಮನುಷ್ಯ ಮನೆಯವರು ಕರೆದು ಕೊಟ್ಟದ್ದನ್ನು ತೂಕಕ್ಕೆ ಕೊಂಡಿದ್ದಾರೆ. ಈಗ ಅವರೇ ನಿಮ್ಮ ಸಾಕ್ಷಿ. 2,300 ಕೊಟ್ಟೆ ಅಂತ ಅವರು ಹೇಳಿದ್ದು ನಿಮಗೆ ಬೇಕು. ಎಸೆದಿಲ್ಲ, ಮಾರಿದ್ದಾರೆ ಅಂತ ಆಯಿತಲ್ಲ.

ನಿವೃತ್ತ_ರೈಟರ್

ಠಾಣೆಯಲ್ಲಿ ರೈಟರ್ ಆಗಿ ನಿವೃತ್ತನಾದವನು. ಠಾಣೆಗೆ ಹೋದರೆ ಏನಾಗುತ್ತದೆ ಅಂತ ಇದ್ದದ್ದು ಇದ್ದ ಹಾಗೆ ಹೇಳ್ತೀನಿ.

"ಇದು ಸಿವಿಲ್ ಮ್ಯಾಟರ್ ಅಮ್ಮ, ಕೋರ್ಟಿಗೆ ಹೋಗಿ" ಅಂತಾರೆ. ಹತ್ತರಲ್ಲಿ ಎಂಟು ಸಲ ಇದೇ ಮಾತು. ಅದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಬೇರೆಯವರ ವಸ್ತು ಅಂತ ಗೊತ್ತಿದ್ದೂ ಮಾರಿದರೆ ಭಾರತೀಯ ನ್ಯಾಯ ಸಂಹಿತೆಯ 314, ಹಾಳು ಮಾಡಿದರೆ 324 ಬರಬಹುದು. 2024ರ ಜುಲೈ 1ಕ್ಕೆ ಮುಂಚೆ ಇವೇ ಐಪಿಸಿ 403, 425 ಆಗಿದ್ದವು. ಆದರೆ "ಗೊತ್ತಿದ್ದೂ" ಅನ್ನುವ ಪದದ ಮೇಲೆ ಎಲ್ಲ ನಿಂತಿದೆ. ಮರೆತು ಮಾಡಿದ ಅಂದರೆ ಅಪರಾಧ ಆಗಲ್ಲ, ನಷ್ಟ ಕೊಡೋದು ತಪ್ಪಲ್ಲ.

ಹೋಗಲೇಬೇಕು ಅಂದರೆ ಬರೆದುಕೊಂಡು ಹೋಗಿ. ಬಾಯಲ್ಲಿ ಹೇಳಿ ಬರಬೇಡಿ. ಎಫ್‌ಐಆರ್ ಮಾಡದಿದ್ದರೆ ಎನ್‌ಸಿಆರ್ (ಸಣ್ಣ ಅಪರಾಧದ ದೂರಿನ ದಾಖಲೆ) ಕೇಳಿ, ಅದೂ ಇಲ್ಲ ಅಂದರೆ ಹಿಂಬರಹ (ದೂರಿಗೆ ಠಾಣೆಯ ಲಿಖಿತ ಉತ್ತರ) ಕೊಡಿ ಅನ್ನಿ. ಹಿಂಬರಹ ಅಂದ ತಕ್ಷಣ ಎದುರಿಗೆ ಕೂತವರಿಗೆ ಈ ಅಮ್ಮನಿಗೆ ಸ್ವಲ್ಪ ವಿಷಯ ಗೊತ್ತಿದೆ ಅನ್ನಿಸುತ್ತದೆ. ಬಹಳ ಸಲ ಪಿಟಿಷನ್ ತಗೊಂಡು ಇಬ್ಬರನ್ನೂ ಕರೆಸಿ ಕೂರಿಸ್ತಾರೆ. ಅಲ್ಲಿಗೇ ಮುಗಿಯುತ್ತದೆ.

ನನ್ನ ಸ್ವಂತ ಅಭಿಪ್ರಾಯ ಕೇಳಿದರೆ ಹೋಗಬೇಡಿ. ಆ ಮನೆಯಲ್ಲೇ ಇರಬೇಕು ಅಂತೀರಿ. ಪೊಲೀಸ್ ಬಂದು ಹೋದ ಮನೆಯಲ್ಲಿ ಮೆಟ್ಟಿಲ ಮೇಲೆ ಎದುರಾದಾಗ ಮುಖ ನೋಡೋದು ಕಷ್ಟ.

ಕೋರ್ಟ್‌ಹಾಲ್_ಹನ್ನೊಂದು

ಠಾಣೆ ಬೇಡ, ಪತ್ರಕ್ಕೂ ಜಗ್ಗಲಿಲ್ಲ ಅಂದರೆ ಇನ್ನೊಂದು ಬಾಗಿಲು ಇದೆ. ಕಾನೂನು ಸೇವಾ ಪ್ರಾಧಿಕಾರ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಉಚಿತ ನೆರವು ಸಿಗುತ್ತದೆ. ಕೇಸ್ ಹಾಕುವ ಮುಂಚೆಯೇ ಎರಡೂ ಕಡೆಯವರನ್ನು ಕರೆಸಿ ರಾಜಿ ಮಾಡಿಸುತ್ತಾರೆ. 15100ಕ್ಕೆ ಫೋನ್ ಮಾಡಿ, ಇಲ್ಲ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲಕ್ಕೆ ಹೋಗಿ ವಿಚಾರಿಸಿ.

ಮಾಗಡಿರೋಡ್_ಮಾಲಿನಿ

ಎಲ್ಲ ಸರಿ, ಬೆಲೆ ಎಷ್ಟು ಅಂತ ಬರೀತೀರಿ? ಅತ್ತೆ ಕಾಲದ ಗೊಂಬೆಗೆ ಬಿಲ್ ಎಲ್ಲಿಂದ ತರೋದು? ನಮ್ಮಮ್ಮನ ಮೈಸೂರು ರೇಷ್ಮೆ ಸೀರೆ ಡ್ರೈ ಕ್ಲೀನಿಂಗ್‌ನಲ್ಲಿ ಕಳೆದಾಗ ಅವರು ಕೊಟ್ಟಿದ್ದು ತೊಳೆಯುವ ಚಾರ್ಜಿನ ಹತ್ತು ಪಟ್ಟು ಮಾತ್ರ. ರಸೀದಿ ಹಿಂದೆ ಸಣ್ಣ ಅಕ್ಷರದಲ್ಲಿ ಹಾಗೆ ಇತ್ತಂತೆ.

ಕೋರ್ಟ್‌ಹಾಲ್_ಹನ್ನೊಂದು

ಬಿಲ್ ಇಲ್ಲದಿದ್ದರೆ ಇವತ್ತು ಅಂಥದ್ದೇ ವಸ್ತು ಕೊಳ್ಳಲು ಎಷ್ಟಾಗುತ್ತದೆ ಅನ್ನುವುದೇ ಲೆಕ್ಕ. ಪ್ರತಿ ದಸರಾದಲ್ಲಿ ಫೋಟೊ ತೆಗೆದಿರ್ತೀರಿ ಅಲ್ವಾ? ಅದರಲ್ಲಿ ಒಂದೊಂದನ್ನೂ ಗುರುತು ಮಾಡಿ. ಗಾಂಧಿಬಜಾರ್‌ನಲ್ಲೋ ಮಲ್ಲೇಶ್ವರ 8ನೇ ಕ್ರಾಸ್‌ನಲ್ಲೋ ಈಗ ಗೊಂಬೆ ಅಂಗಡಿ ಹಾಕಿರ್ತಾರೆ, ಬೆಲೆ ಬರೆಸಿಕೊಂಡು ಬನ್ನಿ. ಅತ್ತೆಯ ನೆನಪಿಗೆ ಬೆಲೆ ಕಟ್ಟಬೇಡಿ. ಕೋರ್ಟ್ ಕೊಡುವುದು ಕಡಿಮೆ, ಎದುರಿನವರು ಅದನ್ನೇ ಹಿಡಿದು ನಗುತ್ತಾರೆ.

ಶ್ರೀನಗರ_ಎರಡನೇಮಹಡಿ

ಒಂದು ವಾರ ಆಯಿತು, ಬರೆಯೋಕೆ ಆಗಿರಲಿಲ್ಲ.

ಫೋಟೊಗಳನ್ನೆಲ್ಲ ತೆಗೆದು ಕೂತಾಗ 2017ರಿಂದ ಪ್ರತಿ ವರ್ಷದ್ದೂ ಸಿಕ್ಕಿತು. ಪತ್ರ ಬರೆದೆವು. ಒಂದೂವರೆ ಪುಟ. ಚಾಟ್ ಪ್ರತಿ ಹಾಕಲಿಲ್ಲ, "ಹೋದ ವರ್ಷ ತಾವೇ ಟ್ರಂಕು ಇಳಿಸಲು ನೆರವಾಗಿದ್ದೀರಿ" ಅಂತ ಒಂದು ಸಾಲು ಮಾತ್ರ ಬರೆದೆವು. ಒಟ್ಟು 31,000 ಅಂತ ಲೆಕ್ಕ ಹಾಕಿದ್ದೆವು. ಅದರಲ್ಲಿ ಪುಸ್ತಕಕ್ಕೆ ಏನೂ ಕೇಳಲಿಲ್ಲ, ನಮ್ಮ ಯಜಮಾನರು ಬೇಡ ಅಂದರು.

ಕೈಗೆ ಕೊಟ್ಟ ದಿನ ಮಗ ಮಾತಾಡಲಿಲ್ಲ. ಪೋಸ್ಟ್ ತಲುಪಿದ ದಿನ ಸಿಟ್ಟಾಗಿ ಮೇಲೆ ಬಂದರು. "ಒಂದೇ ಮನೆಯಲ್ಲಿ ಇದ್ದುಕೊಂಡು ಪೋಸ್ಟ್ ಮಾಡ್ತೀರಾ? ವಕೀಲರ ಹತ್ತಿರ ಹೋಗಿದ್ರಾ?" ಅಂತ. ನಮ್ಮ ಯಜಮಾನರು ಕಾಫಿ ಕೊಟ್ಟರು, ಕುಡಿಯಲಿಲ್ಲ. ಗೊತ್ತಿರಲಿಲ್ಲ ಅನ್ನೋ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ.

ಎರಡು ದಿನ ಬಿಟ್ಟು ಅಂಕಲ್ ಕರೆಸಿದರು. ಮಲಗಿದ ಕಡೆಯಿಂದ ಎದ್ದು ಕೂತಿದ್ದರು. ಅವರಿಗೆ ಈ ವಿಷಯ ಯಾರೂ ಹೇಳಿಯೇ ಇರಲಿಲ್ಲ. ಪತ್ರದ ಮೇಲೆ ಅವರ ಹೆಸರೂ ಇದ್ದದ್ದರಿಂದ ಅಂಚೆಯವರು ಅವರ ಕೈಗೇ ಕೊಟ್ಟಿದ್ದರು. "ನಾನು ತಾನೇ ಇಟ್ಕೋ ಅಂದಿದ್ದು" ಅಂದರು. ಮಗನ ಮುಂದೆಯೇ ಅಂದರು.

ಕೊನೆಗೆ 24,000ಕ್ಕೆ ಒಪ್ಪಿದೆವು. ಪುಟಾಣಿ ಮಣ್ಣಿನ ಗೊಂಬೆಗಳಿಗೆ ನಾವು ಹಾಕಿದ್ದ ಬೆಲೆ ಜಾಸ್ತಿ ಅಂತ ಆಂಟಿ ಅಂದರು, ಅದು ನಿಜವೇ ಇತ್ತು. ಹಣ ಕೈಗೆ ಕೊಡಲ್ಲ, ಬಾಡಿಗೆಯಲ್ಲಿ ಮುರಿದುಕೊಳ್ಳಿ ಅಂದರು. ಒಂದು ತಿಂಗಳದ್ದು ಪೂರ್ತಿ, ಮುಂದಿನ ತಿಂಗಳು ಏಳು ಸಾವಿರ. ಮೇಡಂ ಬಾಡಿಗೆ ಹಿಡಿಯಬೇಡಿ ಅಂದಿದ್ದು ನೆನಪಾಗಿ, ಇದನ್ನು ಬರೆದು ಕೊಡಿ ಅಂತ ಕೇಳಿದೆ. ಮಗ ಮುಖ ಗಂಟಿಕ್ಕಿದರು. ಅಂಕಲ್ ಸಹಿ ಹಾಕಿದರು. ಅದೇ ಹಾಳೆಯಲ್ಲಿ, ಇನ್ನು ಮೇಲೆ ಮೆಟ್ಟಿಲ ಕೆಳಗಿನ ಗೂಡು ನಮ್ಮ ಬಳಕೆಗೆ, ಬೀಗ ನಮ್ಮದು ಅಂತಲೂ ಬರೆಸಿಕೊಂಡೆ.

ನಿವೃತ್ತ_ರೈಟರ್

ಬೀಗ ನಮ್ಮದು ಅಂತ ಬರೆಸಿದ್ದು ಎಲ್ಲಕ್ಕಿಂತ ಒಳ್ಳೆಯ ಕೆಲಸ. ಆ ಹಾಳೆಯ ಫೋಟೊ ತೆಗೆದು ಇಬ್ಬರ ಫೋನ್‌ನಲ್ಲೂ ಇಟ್ಟುಕೊಳ್ಳಿ. ಮುಂದಿನ ಸಲ 11 ತಿಂಗಳ ಕರಾರು ಬರೆಯುವಾಗ ಅದನ್ನು ಒಳಗೆ ಸೇರಿಸಿ.

ವಿಜಯನಗರ_ಮೂರಂತಸ್ತು

ಅಕ್ವೇರಿಯಂದವರು ಉತ್ತರ ಕೊಟ್ಟರು. "ಅಂಕಲ್ ಅದು ಇನ್ನೂ ಇದೆಯಾ? ಎಸೆದುಬಿಡಿ" ಅಂತ. ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೇನೆ.

ಮಾಗಡಿರೋಡ್_ಮಾಲಿನಿ

ಶ್ರೀನಗರದವರೇ, ಗೊಂಬೆ ಕೂರಿಸಿದ್ರಾ ಈ ಸಲ?

ಶ್ರೀನಗರ_ಎರಡನೇಮಹಡಿ

ಪಾಡ್ಯ ಇನ್ನೂ ನಾಲ್ಕು ದಿನ ಇದೆ. ಒಂಬತ್ತು ಮೆಟ್ಟಿಲು ಬದಲು ಮೂರೇ ಮೆಟ್ಟಿಲು ಮಾಡ್ತೀವಿ. ಹಲಗೆ ಇಲ್ಲ, ಸ್ಟೀಲ್ ಡಬ್ಬದ ಮೇಲೆ ಪಂಚೆ ಹಾಸೋದು ಅಂತ ಮಗಳ ಪ್ಲಾನ್.

ರಾಜನದ್ದೇ ಚಿಂತೆ. ನಿನ್ನೆ ಗಾಂಧಿಬಜಾರ್ ಪೂರ್ತಿ ಸುತ್ತಿದೆ. ಪಟ್ಟದ ಗೊಂಬೆ ಜೋಡಿಯಾಗಿ ಮಾತ್ರ ಕೊಡ್ತಾರಂತೆ, ಒಂದೇ ಕೊಡಲ್ಲ. ನಮ್ಮ ರಾಣಿ ಒಂದು ಗೇಣು ಎತ್ತರ, ರಕ್ತಚಂದನದ ಮರದ್ದು, ಎಡಗೈ ಹತ್ತಿರ ಬಣ್ಣ ಹೋಗಿದೆ. ಅವಳ ಅಳತೆಗೆ ಮರದಲ್ಲಿ ರಾಜನನ್ನು ಮಾತ್ರ ಕೆತ್ತಿಕೊಡೋರು ಯಾರಾದರೂ ಗೊತ್ತಾ? ಈ ವರ್ಷಕ್ಕೆ ಆಗದಿದ್ದರೂ ಪರವಾಗಿಲ್ಲ.

ಫಿಲ್ಟರ್_ಲೋಟ

ಚನ್ನಪಟ್ಟಣದಲ್ಲಿ ನಮ್ಮ ಮಾವನಿಗೆ ಪರಿಚಯದವರು ಇದ್ದಾರೆ, ಕೇಳ್ತೀನಿ. ರಾಣಿಯ ಫೋಟೊ ಕಳಿಸಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆಯಿರಿ.